ತಪ್ಪುಕಾಣಿಕೆ

ಮಡಿಕೇರಿ, ಕಕ್ಕಡ ತಿಂಗಳ 10

ಪ್ರೀತಿಯ ಮಗಳೇ,

ಮನೆಯ ಸುದ್ದಿ ನಿನಗೆ ಗೊತ್ತೇ ಇದೆ. ನಿನ್ನ ಕಾಗದದ ಒಂದು ಸಾಲಿಗೆ ನನ್ನ ನಿದ್ದೆ ಹೋಗಿದೆ: ಮಳೆ ಜೋರಾದರೆ ಪುಟ್ಟಿ ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಕೆಳಗೆ ಚಿಲ್ಲರೆ ಇಟ್ಟು ‘ತಪ್ಪಾಯ್ತು, ಗುಡ್ಡ ಬೀಳಿಸಬೇಡ’ ಅನ್ನುತ್ತಾಳೆ ಎಂದದ್ದು.

ಆರು ವರ್ಷದ ಮಗು ಯಾವ ತಪ್ಪಿಗೆ ಕಾಣಿಕೆ ಇಡಬೇಕು?

2018ರಲ್ಲಿ ನಮ್ಮ ಕೊಡಗಿನ ಗುಡ್ಡಗಳು ಕುಸಿದದ್ದು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಅರ್ಚಕರ ಮನೆ ಮಣ್ಣುಪಾಲಾದದ್ದು, ಎಲ್ಲಕ್ಕೂ ದೊಡ್ಡವರು ಅವಳೆದುರೇ ‘ದೇವರ ಕೋಪ’ ಅಂದಿರುತ್ತಾರೆ. ನಮಗದು ಬರೀ ಮಾತು. ಆ ವಯಸ್ಸಿನ ಮಗು ಮಾತ್ರ ತಮ್ಮನನ್ನು ಗಿಲ್ಲಿದ್ದಕ್ಕೂ ಬೆಟ್ಟ ಜಾರುವುದಕ್ಕೂ ನಂಟು ಕಟ್ಟುತ್ತದೆ. ‘ದೇವರು ಕಣ್ಣು ಕುಕ್ಕುತ್ತಾನೆ’ ಎಂದು ಹೆದರಿಸಿ ಉಣ್ಣಿಸಿದವರಲ್ಲಿ ನಾನೂ ಒಬ್ಬಳು. ಆ ತುತ್ತು ಈಗ ನನ್ನ ಗಂಟಲಲ್ಲಿ ಸಿಕ್ಕಿದೆ.

ಚಿಲ್ಲರೆ ಕಿತ್ತುಕೊಳ್ಳಬೇಡ. ನಮ್ಮ ದೇವರು ಇಗ್ಗುತ್ತಪ್ಪನ ಹುಂಡಿಗೆ ಹಾಕೋಣ ಅಂತಲೂ ಅನ್ನಬೇಡ, ಆಗ ಅದು ನಿಜಕ್ಕೂ ದಂಡವಾಗುತ್ತದೆ. ಮಳೆ ಬಿಟ್ಟ ಹಗಲಲ್ಲಿ ತಟ್ಟೆಯ ಮೇಲೆ ಮಣ್ಣು ಗುಡ್ಡೆ ಮಾಡಿ, ಒಂದು ಬದಿಯ ಬುಡ ಕಡಿದು, ತಂಬಿಗೆಯಿಂದ ನಿಧಾನ ನೀರು ಹಾಕಿಸು. ಕಡಿದ ಬದಿ ಮೊದಲು ಜಾರುತ್ತದೆ. ‘ನಿನ್ನಿಂದ ಅಲ್ಲ’ ಎಂದು ಬಾಯಿಬಿಟ್ಟು ಹೇಳು. ರಾತ್ರಿ ಮಾತ್ರ ಈ ಆಟ ಬೇಡ. ‘ಏನೂ ಆಗಲ್ಲ’ ಎಂಬ ಭಾಷೆಯೂ ಬೇಡ, ನಿಮ್ಮದು ಇಳಿಜಾರಿನ ಮನೆ. ಟಾರ್ಚ್ ಎಲ್ಲಿದೆ, ಯಾರ ಮನೆಗೆ ಹೋಗುತ್ತೇವೆ ಎಂದು ತೋರಿಸು.

ಹತ್ತು ಸಲ ಕೇಳಿದರೆ ಹತ್ತು ಸಲ ಸಮಾಧಾನ ಹೇಳಬೇಡ. ಅದು ಕೇಳುವ ಚಟವನ್ನೇ ಬೆಳೆಸುತ್ತದೆ. ಎರಡನೇ ಸಲ ‘ಆಗಲೇ ಏನು ಮಾತಾಡಿದೆವು?’ ಎಂದು ಅವಳಿಂದಲೇ ಹೇಳಿಸು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟು, ಮೂರು ಎಣಿಸುತ್ತ ಉಸಿರು ಒಳಗೆ, ಐದು ಎಣಿಸುತ್ತ ಹೊರಗೆ, ಐದು ಸಲ.

ದೀಪ ಹಚ್ಚುವುದನ್ನು ಬಿಡಿಸಬೇಡ. ಸಂಜೆ ಬತ್ತಿ ಹೊಸೆಯಲು ಅವಳಿಗೇ ಕೊಡು. ಖುಷಿಯಾದದ್ದೊಂದು, ಕಷ್ಟವಾದದ್ದೊಂದು ಮನೆತನದ ಹಿರಿಯರಾದ ಗುರುಕಾರಣರಿಗೆ ಹೇಳಲಿ, ಎರಡೇ ನಿಮಿಷ. ಕ್ಷಮೆ ಕೇಳಿಸಬೇಡ. ದೂರದಲ್ಲಿ ಕೂತು ಹೇಳುವುದು ನನಗೆ ಸುಲಭ, ಬೇಸರಿಸಬೇಡ.

ಮೂರು ವಾರವಾದರೂ ನಿದ್ದೆ, ಶಾಲೆ ಕೆಡುತ್ತಿದ್ದರೆ, ಇಷ್ಟೇ ಸಲ ಕೈಮುಗಿಯಬೇಕೆಂದು ಎಣಿಸಿ, ಎಣಿಕೆ ತಪ್ಪಿದರೆ ಮೊದಲಿಂದ ಶುರುಮಾಡುತ್ತಿದ್ದರೆ, ಭಕ್ತಿ ಎಂದು ಮೆಚ್ಚಿಕೊಳ್ಳಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಅದು ಉಚಿತ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ.

ಯಾವ ತಪ್ಪು ಎಂದು ನೀನು ಅವಳನ್ನು ಇನ್ನೂ ಕೇಳಿಲ್ಲ ಅನಿಸುತ್ತದೆ. ಹಲಸಿನ ಬೀಜ ಸುಲಿಯುವಾಗ, ಮುಖ ನೋಡದೆ ಕೇಳು. ಏನಂದಳು, ಬರೆ.

ನಿನ್ನ
ದೊಡ್ಡಮ್ಮ