ಹಿತ್ತಲಿನ ಗುರಿ ಅಭ್ಯಾಸಕ್ಕೆ ‘ಸ್ಪೀಡ್’ ಏಕೆ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿನಲ್ಲಿ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಕೆಲವೆಡೆ ಏರ್‌ಗನ್ ವಿಭಾಗವೂ ಇರುವುದರಿಂದ, ಹಿತ್ತಲಿನಲ್ಲೇ ಅಭ್ಯಾಸ ಮಾಡಲೆಂದು ಏರ್‌ ರೈಫಲ್ ಕೊಳ್ಳುವವರು ಕಡಿಮೆಯಿಲ್ಲ. ಆದರೆ ಅಂಗಡಿಯಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಸ್ಪೀಡ್ ಎಷ್ಟು’ ಎಂದು. ನೆರೆಯವರ ನೆಮ್ಮದಿ ಕೆಡಿಸದ, ಬಹುಕಾಲ ಬಾಳುವ ರೈಫಲ್ ಬೇಕೆನ್ನುವವರು ಕಡಿಮೆ ವೇಗದ್ದನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಡಬ್ಬಿಯ ಮೇಲೆ ಸೆಕೆಂಡಿಗೆ 1200 ಅಡಿ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದನ್ನು ಕಂಡು ಮರುಳಾಗುವ ಮುನ್ನ ಕೊಂಚ ಲೆಕ್ಕ ಹಾಕಬೇಕು. ಅರ್ಧ ಗ್ರಾಂ ತೂಕದ ಸಾಮಾನ್ಯ ಸೀಸದ ಪೆಲೆಟ್ (ಏರ್‌ ರೈಫಲ್‌ನ ಪುಟ್ಟ ಗುಂಡು) ನಿಜಕ್ಕೂ ಆ ವೇಗದಲ್ಲಿ ಹೊರಟರೆ ಅದರ ಶಕ್ತಿ 33 ಜೂಲ್ ದಾಟುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿ ಬೇಡದ ಏರ್‌ ರೈಫಲ್‌ಗೆ ಇರುವ ಮಿತಿ 20 ಜೂಲ್ ಮತ್ತು 4.5 ಮಿ.ಮೀ. ನಳಿಗೆ. ಅಂದರೆ, ಆ ಅಂಕಿ ಉತ್ಪ್ರೇಕ್ಷೆ, ಅಥವಾ ತೀರಾ ಹಗುರವಾದ ಪೆಲೆಟ್ ಹಾಕಿ ಅಳೆದದ್ದು, ಎರಡೂ ಅಲ್ಲವೆಂದಾದರೆ ಆ ರೈಫಲ್‌ಗೆ ಪರವಾನಗಿಯೇ ಬೇಕು. ಸಾಲದ್ದಕ್ಕೆ, ಶಬ್ದದ ವೇಗವಾದ ಸುಮಾರು 1125 ಅಡಿಯನ್ನು ದಾಟಿದ ಪೆಲೆಟ್ ಗಾಳಿಯಲ್ಲೇ ಚಟಾರನೆ ಸದ್ದು ಮಾಡುತ್ತದೆ, ಗುರಿಯೂ ಚದುರುತ್ತದೆ.

ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯ ರೈಫಲ್‌ಗಳಲ್ಲಿ ಪೆಲೆಟ್ ಹೊರಡುವುದು ಸೆಕೆಂಡಿಗೆ ಸುಮಾರು 570 ಅಡಿ ವೇಗದಲ್ಲಿ. ಶಕ್ತಿ 8 ಜೂಲ್‌ನ ಆಸುಪಾಸು. ಅಲ್ಲಿ ಹತ್ತು ಅಂಕದ ಗುರಿಯೆಂದರೆ ಅರ್ಧ ಮಿಲಿಮೀಟರಿನ ಚುಕ್ಕಿ. ಹಿತ್ತಲಿಗೆ ಇದಕ್ಕಿಂತ ಹೆಚ್ಚಿನ ಬಲ ಏಕೆ ಬೇಕೋ ತಿಳಿಯದು.

ಸದ್ದಿನ ವಿಷಯದಲ್ಲಿ ದುಬಾರಿಯಾದದ್ದೆಲ್ಲ ಮೌನವಾಗಿರುತ್ತದೆ ಎಂದು ನಂಬಬಾರದು. ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ರೈಫಲ್‌ನಲ್ಲಿ ಒದೆತವಿಲ್ಲ, ಗುರಿ ಸೊಗಸಾಗಿ ಕೂರುತ್ತದೆ. ಆದರೆ ನಳಿಗೆಯ ತುದಿಗೆ ಹೊದಿಕೆಯಿಲ್ಲದಿದ್ದರೆ ಒಮ್ಮೆಲೇ ಹೊರನುಗ್ಗುವ ಗಾಳಿಯ ಸದ್ದು ಬೇಲಿಯಾಚೆಗೂ ಕೇಳಿಸುತ್ತದೆ, ಪಂಪಿನ ಖರ್ಚು ಬೇರೆ. ಒಳಗಿನ ಸ್ಪ್ರಿಂಗ್ ಬಲದಿಂದ ಗಾಳಿಯನ್ನೊತ್ತಿ ಪೆಲೆಟ್ ಹಾರಿಸುವ ಸ್ಪ್ರಿಂಗ್ ರೈಫಲ್‌ನ ಸದ್ದು ಕೆನ್ನೆ ಒತ್ತಿಕೊಂಡು ಗುರಿಯಿಡುವವರಿಗೆ ಜೋರೆನಿಸಿದರೂ ಪಕ್ಕದ ಮನೆಗೆ ಅಷ್ಟಾಗಿ ಮುಟ್ಟುವುದಿಲ್ಲ. ಆದ್ದರಿಂದ ಮಧ್ಯಮ ಬಲದ ಒಳ್ಳೆಯ ಸ್ಪ್ರಿಂಗ್ ರೈಫಲ್ ಸಾಕು. ಕೊಳ್ಳುವಾಗ, ಪೆಲೆಟ್ ತುಂಬಲು ಮಡಚಿದ ನಳಿಗೆ ಮತ್ತೆ ಮುಚ್ಚಿದಾಗ ಅಲುಗಾಡದೆ ಕೂರುತ್ತದೆಯೇ, ಟ್ರಿಗರ್ ಎಳೆತ ಪ್ರತಿಸಲವೂ ಒಂದೇ ತೆರನಾಗಿದೆಯೇ ಎಂಬುದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಎಷ್ಟೋ ಮನೆಗಳಲ್ಲಿ ನಿಜವಾದ ಗದ್ದಲ ರೈಫಲ್‌ನದ್ದಲ್ಲ, ಗುರಿಯಾಗಿಟ್ಟ ತಗಡಿನ ಡಬ್ಬಿಯದ್ದು. ಮರಳು ತುಂಬಿದ ದಪ್ಪ ಮರದ ಪೆಟ್ಟಿಗೆಯ ಮುಂಬದಿಗೆ ಮರದ ಬದಲು ರಟ್ಟು ಹಾಕಿ ಕಾಗದದ ಗುರಿ ಅಂಟಿಸಿದರೆ ಸದ್ದು ಅಡಗುತ್ತದೆ, ಪೆಲೆಟ್ ಹಿಂದಕ್ಕೆ ಸಿಡಿಯುವ ಅಪಾಯ ತಗ್ಗುತ್ತದೆ, ಸೀಸವೂ ತೋಟದ ಮಣ್ಣು ಸೇರುವುದಿಲ್ಲ. ಪೆಟ್ಟಿಗೆಯ ಹಿಂದೆ ಗಟ್ಟಿ ಗೋಡೆಯೋ ಮಣ್ಣಿನ ದಿಬ್ಬವೋ ಇಲ್ಲದ ಹಿತ್ತಲಿನಲ್ಲಿ ಅಭ್ಯಾಸವೇ ಸಲ್ಲದು. ಹಕ್ಕಿಗಳ ಮೇಲೆ ಕೈ ಪಳಗಿಸಿಕೊಳ್ಳಲು ಹೊರಡುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆನಪಿರಲಿ.

ಮಾರಾಟಗಾರರು ವೇಗದ ಜೊತೆಗೆ ಶಕ್ತಿಯನ್ನು ಜೂಲ್‌ಗಳಲ್ಲಿ, ಅಳೆಯಲು ಬಳಸಿದ ಪೆಲೆಟ್‌ನ ತೂಕವನ್ನು ಗ್ರಾಂಗಳಲ್ಲಿ ಡಬ್ಬಿಯ ಮೇಲೆ ಕಾಣುವಂತೆ ನಮೂದಿಸುವುದನ್ನು ಸಂಬಂಧಪಟ್ಟ ಇಲಾಖೆ ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

– ಓದುಗ, ವಿರಾಜಪೇಟೆ