ಅಪ್ಪನನ್ನು ತೋಟಕ್ಕೆ ಬಿಡಬೇಡ

ಕೋಪನ್‌ಹೇಗನ್

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ನಿನ್ನ ಪತ್ರ ಬಂದಾಗಿನಿಂದ ನನಗೆ ನಿದ್ದೆಯಿಲ್ಲ. ಸ್ಟೆಂಟ್ ಹಾಕಿ ತಿಂಗಳೂ ಆಗಿಲ್ಲ, ಆಗಲೇ ಅಪ್ಪ ಅಡಿಕೆ ಕೊನೆ ಇಳಿಸುವವರ ಹಿಂದೆ ತೋಟ ಸುತ್ತುತ್ತಿದ್ದಾರಾ? ಕೊಯ್ಲು ರಘು ನೋಡಿಕೊಳ್ಳಲಿ. ಡಾಕ್ಟರು ಹೇಳಿದಷ್ಟೇ ನಡೆಯಲಿ. ರಕ್ತ ತೆಳುವಾಗುವ ಮಾತ್ರೆ ಒಂದು ದಿನವೂ ತಪ್ಪಬಾರದು.

ಅವರನ್ನು ಮನೆಯಲ್ಲಿ ಕೂರಿಸೋದು ಹೇಗೆ ಅಂತ ಕೇಳಿದ್ದೀಯಲ್ಲ, ಜೊತೆಗಿರುವ ಹಾಳೆಗಳು ಅದಕ್ಕೇ. ಜೇನುಗೂಡಿನ ಹಾಗೆ ಆರು ಬದಿಯ ಮನೆಗಳು, ಅಡ್ಡ 11, ಉದ್ದ 11. ಹೆಕ್ಸ್ ಅಂತ ಹೆಸರು. ಈ ಊರಿನದೇ ಆಟ. 1942ರಲ್ಲಿ, ಜರ್ಮನರು ಈ ದೇಶವನ್ನು ಹಿಡಿದಿಟ್ಟುಕೊಂಡಿದ್ದಾಗ, ಪೀಟ್ ಹೈನ್ ಅನ್ನುವವರು ಇದನ್ನು ಇಲ್ಲಿನ ಪೊಲಿಟಿಕೆನ್ ಪತ್ರಿಕೆಯಲ್ಲಿ ಪರಿಚಯಿಸಿದರು. ಆಗ ಜನ ಹಾಳೆ, ಪೆನ್ಸಿಲ್ ಹಿಡಿದೇ ಆಡುತ್ತಿದ್ದರಂತೆ. ಆಮೇಲೆ ಅಮೆರಿಕದಲ್ಲಿ ಜಾನ್ ನ್ಯಾಶ್ ಕೂಡ ತಾವಾಗಿಯೇ ಇದೇ ಆಟ ಕಂಡುಕೊಂಡರು. ಅಪ್ಪನಿಗೆ ಹೇಳು, ನೊಬೆಲ್ ಬಂದ ಗಣಿತದವರು ಅಂತ.

ಅಪ್ಪನಿಗೆ ಹುಣಸೆ ಬೀಜ, ಪುಟ್ಟನಿಗೆ ಕಡಲೆಕಾಳು ಕೊಡು. ಸರದಿಗೆ ಒಂದೊಂದು ಇಡಬೇಕು. ಇಟ್ಟಿದ್ದನ್ನು ಜರುಗಿಸುವಂತಿಲ್ಲ, ಹೊಡೆಯುವಂತಿಲ್ಲ. ಅಪ್ಪ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ, ಪುಟ್ಟ ಎಡದಿಂದ ಬಲಕ್ಕೆ ದಾರಿ ಸೇರಿಸಬೇಕು. ಚೆಸ್ ಡ್ರಾ ಆದರೆ ಅಪ್ಪನಿಗೆ ಬೇಜಾರಲ್ವಾ, ಇದರಲ್ಲಿ ಡ್ರಾ ಅನ್ನೋದೇ ಇಲ್ಲ. ಒಬ್ಬರ ದಾರಿಯನ್ನು ಪೂರ್ತಿ ತಡೆದರೆ, ತಡೆದವರ ದಾರಿ ಸೇರಿಯೇ ಇರುತ್ತದೆ! ಒಂದು ಉಪಾಯವನ್ನು ಅಪ್ಪನಿಗೆ ಮಾತ್ರ ಹೇಳು: ಎರಡು ಬೀಜಗಳ ನಡುವೆ, ಎರಡಕ್ಕೂ ತಾಗುವ ಎರಡು ಖಾಲಿ ಮನೆ ಉಳಿಯುವ ಹಾಗೆ ಇಡಲಿ. ಪುಟ್ಟ ಒಂದರಲ್ಲಿ ಅಡ್ಡ ಬಂದರೆ ಇನ್ನೊಂದರಲ್ಲಿ ಸೇರಿಸಬಹುದು. ಮೊದಲು ಇಡುವವರಿಗೆ ಅನುಕೂಲ ಜಾಸ್ತಿ. ಅದಕ್ಕೇ ಮೊದಲ ನಡೆ ಆದಮೇಲೆ, ಬೇಕಿದ್ದರೆ ಎದುರಿನವರು ಮೊದಲು ಇಟ್ಟವರ ಕಡೆಯನ್ನೇ ತಮ್ಮದು ಮಾಡಿಕೊಳ್ಳಬಹುದು. ಒಂದು ಆಟಕ್ಕೆ ಕೂತರೆ ಅಪ್ಪ ಸುಲಭಕ್ಕೆ ಏಳುವುದಿಲ್ಲ, ನೋಡು.

ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಈ ಚಳಿಯಲ್ಲೂ ಕೂಸುಗಳನ್ನು ಗಾಡಿಯಲ್ಲಿ ಹೊದಿಸಿ ಹೊರಗೇ ಮಲಗಿಸುತ್ತಾರೆ. ನೀನು ಗಾಬರಿ ಬೀಳಬೇಡ, ಮಕ್ಕಳು ಗುಂಡುಗುಂಡಾಗಿ ಚೆನ್ನಾಗೇ ಇರುತ್ತವೆ.

ಚೆಕಪ್ಪಿಗೆ ದುಡ್ಡು ಹಾಕಿದ್ದೇನೆ, ಲೆಕ್ಕ ನೋಡಬೇಡ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ಅಕ್ಕಿ ಬೇಳೆ ಎಲ್ಲ ಸಿಗುತ್ತದೆ, ನೆಗಡಿಯೂ ಇಲ್ಲ. ನನ್ನ ಚಿಂತೆ ಬಿಡು. ಅಪ್ಪನಿಗೆ ಎದೆ ಹಿಡಿದ ಹಾಗಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.

ಬೆಂಗಳೂರಿಗೆ ಹೊರಟ ಗೆಳತಿ ಬಾಗಿಲಲ್ಲೇ ನಿಂತಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಉಳಿದದ್ದು ಫೋನಿನಲ್ಲಿ.

ನಿನ್ನ,
ಸುಮಾ