ಮಗಳಿಗೊಂದು ಪತ್ರ: ಟೈಲರ್‌ಗಳಿಗೆ ಅಂಕ ಹಾಕುವ ಮುಂಚೆ

ಪುಟ್ಟೀ,

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿ ಈ ತಿಂಗಳು ಮೊದಲ ಸಲ ಅಂಕ ಹಾಕಲು ಕೂರುತ್ತೀಯ. ಟೈಲರ್‌ಗಳ ಗ್ರೇಡು, ಇನ್‌ಸೆಂಟಿವ್ ಎರಡೂ ಅದರ ಮೇಲೇ ನಿಂತಿರುತ್ತವೆ. ಅದಕ್ಕೇ ಈ ಪತ್ರ.

ಕಾಲರ್ ಕೂರಿಸುವವಳನ್ನೇ ತಗೋ. ಆ ಆಪರೇಷನ್ನಿನ ಸ್ಯಾಮ್, ಅಂದರೆ ಒಂದು ಪೀಸಿಗೆ ನಿಗದಿಯಾದ ಸಮಯ, 0.8 ನಿಮಿಷ ಅಂತಿಟ್ಟುಕೋ. 480 ನಿಮಿಷದ ಪಾಳಿಯಲ್ಲಿ ಅವಳು 420 ಪೀಸ್ ಕೊಟ್ಟರೆ 336 ನಿಮಿಷದ ಕೆಲಸವಾಯಿತು, ಎಫಿಶಿಯನ್ಸಿ ಶೇ 70. ಹಾಳೆಯಲ್ಲಿ ಕಾಣುವುದು ಇಷ್ಟೇ. ಆದರೆ ಬೆಳಿಗ್ಗೆ 25 ನಿಮಿಷ ಹೊಲಿಯಬೇಕಾದ ತುಂಡುಗಳ ಬಂಡಲ್ ಬರಲಿಲ್ಲ, ಮಧ್ಯಾಹ್ನ ಮೆಕ್ಯಾನಿಕ್‌ಗೆ ಕಾದದ್ದು 35 ನಿಮಿಷ ಅಂದುಕೋ. ಪಾಳಿಯಿಂದ ಆ 60 ನಿಮಿಷ ಕಳೆದು, ಉಳಿದ 420 ನಿಮಿಷದಿಂದ 336ನ್ನು ಭಾಗಿಸಿದರೆ ಶೇ 80 ಬರುತ್ತದೆ. ಆ ಹತ್ತು ಅಂಕ ಹೋದದ್ದು ಲೈನಿನ ತಪ್ಪಿನಿಂದ. ಕಾದ ನಿಮಿಷವನ್ನು ಆಗಿಂದಾಗಲೇ ಬರೆದಿಡು. ತಿಂಗಳ ಕೊನೆಗೆ ಅದು ಯಾರಿಗೂ ನೆನಪಿರುವುದಿಲ್ಲ, ಪೆಟ್ಟು ಬೀಳುವುದು ಮಾತ್ರ ಅವಳಿಗೆ.

ಇನ್ನೊಂದು. ನೀರಿಗೆ, ಟಾಯ್ಲೆಟ್‌ಗೆ, ದಣಿವಿಗೆ ಅಂತ ಸ್ಯಾಮ್‌ನಲ್ಲೇ ಅಲೋಯನ್ಸ್ ಸಮಯ ಸೇರಿರುತ್ತದೆ. ಎದ್ದು ಹೋದವಳನ್ನು ಗದರಿದರೆ ಕೊಟ್ಟದ್ದನ್ನೇ ಕಿತ್ತುಕೊಂಡ ಹಾಗೆ. ಆ ಕೆಲಸ ಮಾತ್ರ ಮಾಡಬೇಡ ಮಗಳೇ.

ಹೊಸ ಸ್ಟೈಲ್ ಲೋಡ್ ಆದಾಗ ಮೊದಲ ಕೆಲವು ದಿನ ಎಲ್ಲರ ಪೀಸೂ ಇಳಿಯುತ್ತದೆ, ಆ ದಿನಗಳ ಲೆಕ್ಕ ಬೇರೆ ಇಡು. ರಜೆ ಹಾಕಿದವರ ಮೆಷಿನ್‌ಗೆ ನೀನೇ ಕೂರಿಸಿದ ಹುಡುಗಿಯ ಪೀಸೂ ಕಡಿಮೆ ಇರುತ್ತದೆ. ಅವಳು ಎಷ್ಟು ಆಪರೇಷನ್ ಬಲ್ಲಳು ಅನ್ನುವುದಕ್ಕೂ ಅಂಕ ಇರಲಿ.

ಕ್ವಾಲಿಟಿಗೆ ಬಂದರೆ, 300 ಪೀಸ್‌ನಲ್ಲಿ 18 ಡಿಫೆಕ್ಟ್ ಸಿಕ್ಕಿದರೆ ಡಿಎಚ್‌ಯು, ಅಂದರೆ ನೂರು ಪೀಸಿಗೆ ಬಂದ ಡಿಫೆಕ್ಟ್, 6. ಅಲ್ಲಿಗೇ ನಿಲ್ಲಬೇಡ, ಯಾವ ಡಿಫೆಕ್ಟ್ ಅಂತ ನೋಡು. ಸ್ಕಿಪ್ ಸ್ಟಿಚ್ (ನಡುವೆ ಹೊಲಿಗೆ ತಪ್ಪುವುದು) ಬರುತ್ತಿದ್ದರೆ ಮೊದಲು ಸೂಜಿ, ಮೆಷಿನ್ ಟೈಮಿಂಗ್ ನೋಡಿಸು. ಕಾಲರ್ ತುದಿಗಳು ಸಮ ಇಲ್ಲದಿದ್ದರೆ ಕಟಿಂಗ್ ಸರಿಯಿದೆಯಾ ನೋಡು. ಅದು ಸರಿಯಿದ್ದರೆ ಬಟ್ಟೆ ಹಿಡಿಯುವ ರೀತಿಯಲ್ಲಿ ಹೆಚ್ಚುಕಮ್ಮಿ ಇದೆ, ಅದನ್ನು ಕಲಿಸಬಹುದು.

ಲೈನ್ ಮಧ್ಯೆ ನಿಂತು ಕೂಗಬೇಡ. "ಗಮನ ಕೊಟ್ಟು ಮಾಡು" ಅಂದರೆ ಅವಳು ಏನನ್ನು ಬದಲಿಸಬೇಕು? ಪೀಸನ್ನು ಕೈಗೆ ಕೊಟ್ಟು, "ಎಡಗಡೆ 3 ಮಿ.ಮೀ. ಉದ್ದ ಬಂದಿದೆ, ನಾಚ್‌ಗೆ ನಾಚ್ ಕೂಡಿಸಿ ಹಿಡಿ" ಅನ್ನು (ನಾಚ್ ಅಂದರೆ ಬಟ್ಟೆಯ ಅಂಚಿನಲ್ಲಿ ಕತ್ತರಿಸಿದ ಗುರುತು). ಪಕ್ಕದಲ್ಲೇ ನಿಂತು ಐದು ಪೀಸ್ ಹೊಲಿಸು. ಎರಡು ಗಂಟೆ ಬಿಟ್ಟು ಮತ್ತೆ ಹೋಗಿ ನೋಡು.

ಸಹಿ ಹಾಕಿಸುವ ಮುಂಚೆ ಲೆಕ್ಕವನ್ನು ಓದಿ ಹೇಳು. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗಿಯರಿದ್ದರೆ ಅವರ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕೂರಿಸಿಕೋ. ಕಾದ ನಿಮಿಷ ಎಲ್ಲಾ ಸೇರಿದೆಯಾ ಅಂತ ಅವರನ್ನೇ ಕೇಳು. ನಿನ್ನ ಪುಸ್ತಕದಲ್ಲಿ ಬಿಟ್ಟುಹೋದದ್ದು ಅವರಿಗೆ ಗೊತ್ತಿರುತ್ತದೆ.

ಪ್ರೀತಿಯಿಂದ,
ಅಮ್ಮ